ಪೆಟ್ಟಿಗೆಯಲ್ಲಿಟ್ಟ ತಂತಿ

ಉಪಾಧ್ಯಾಯವೃತ್ತಿಯಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕಳೆದ ನಮಗೆ, ಮಕ್ಕಳ ಕೈಯಲ್ಲಿದ್ದ ಪದಾರ್ಥಗಳನ್ನು ತೆಗೆದುಕೊಂಡು ಪೆಟ್ಟಿಗೆಯಲ್ಲಿಡುವುದು ಒಂದು ಅಭ್ಯಾಸವೇ ಆಗಿಹೋಗಿದ್ದಿತು. ಗೋಲಿ, ಬುಗುರಿ, ರಬ್ಬರಿನ ಚೆಂಡು, ಕ್ರಿಕೆಟ್ ಆಟಗಾರರ ಚಿತ್ರಗಳು, ಒಂದು ಸಲ ಬೆಂಕಿಪೊಟ್ಟಣದೊಳಗಿದ್ದ ಜೀವಂತ ಜೀರುಂಡೆ, ಹೀಗೆ ಅನೇಕ ವಸ್ತುಗಳು ನಮ್ಮ ವಶಕ್ಕೆ ಬಂದುವು. ವರ್ಷಾಂತ್ಯದಲ್ಲಿ ಎಲ್ಲವನ್ನೂ ಅವರವರಿಗೆ ಹಿಂದಿರುಗಿಸತಕ್ಕದ್ದೆಂಬ ನಿಯಮವನ್ನೂ ನಾವು ತಪ್ಪದೆ ಪಾಲಿಸುತ್ತಿದ್ದೆವು. ಜೀರುಂಡೆಯನ್ನು ಮಾತ್ರ ಅದೇ ದಿನ ಬೇಲಿಯ ಬಳಿ ಬಿಟ್ಟೆವು. ಹೀಗೆ ಹಿಂದಿರುಗಿಸದೆ ಉಳಿದುಹೋದ ವಸ್ತು ಒಂದೇ ಒಂದು. ಅದು ನಮ್ಮ ಸ್ವಂತ ಮಗನದು. ಸುಮಾರು ಮೂರು ಮೊಳ ಉದ್ದದ, ಎರಡು ತುದಿಗಳಲ್ಲಿಯೂ ಒಂದೇ ವಿಧದ ಮೂತಿಯಿದ್ದ ಒಂದು ತಂತಿ.

ಆ ತಂತಿಯು ನಮ್ಮಲ್ಲಿಗೆ ಬಂದುದು 1999ರ ಡಿಸೆಂಬರಿನಲ್ಲಿ. ಅಮೆರಿಕೆಯಲ್ಲಿದ್ದ ಸೋದರಮಾವನು ರಜೆಗೆ ಬಂದಾಗ ತನ್ನ ಇಬ್ಬರು ತಂಗಿಯರ ಮಕ್ಕಳಿಗೂ ಒಂದೊಂದು ಆಟದ ಯಂತ್ರವನ್ನು ತಂದನು. ಗೇಮ್ ಬಾಯ್ ಕಲರ್ ಎಂದು ಅದರ ಹೆಸರು. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ. ನಮ್ಮ ಮಗನಿಗೆ ಆಗ ಹತ್ತು ವರ್ಷ. ಶಿವಮೊಗ್ಗೆಯಲ್ಲಿದ್ದ ನಮ್ಮ ನಾದಿನಿಯ ಮಗನಿಗೂ ಹೆಚ್ಚುಕಡಿಮೆ ಅದೇ ವಯಸ್ಸು. ಯಂತ್ರದ ಬೆನ್ನಿಗೆ ಸಿಕ್ಕಿಸುವ ಆಟದ ಬಿಲ್ಲೆಯು ಒಬ್ಬನಿಗೆ ಕೆಂಪು, ಮತ್ತೊಬ್ಬನಿಗೆ ನೀಲಿ. ತಂತಿಯು ಮಾತ್ರ ಇಬ್ಬರಿಗೂ ಸೇರಿ ಒಂದೇ. ಅದು ನಮ್ಮ ಮಗನ ಬಳಿ ಉಳಿಯಿತು.

ಜನವರಿ ಬರುವ ಹೊತ್ತಿಗೆ ಹುಡುಗನ ಕಣ್ಣು ಪುಸ್ತಕವನ್ನು ಬಿಟ್ಟು ಆ ಯಂತ್ರದಲ್ಲಿಯೇ ನೆಟ್ಟುಹೋಗಿರುವುದು ನಮ್ಮ ಗಮನಕ್ಕೆ ಬಂದಿತು. ಬಯ್ಯುವುದೂ ಹೊಡೆಯುವುದೂ ನಮ್ಮ ಮತವಲ್ಲ. ಆಲೋಚಿಸಿ ನೋಡಿದೆವು. ನಮ್ಮ ಮನೆಯಲ್ಲಿ ರೇಡಿಯೋ, ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಯಾವುದೇ ಆಗಲಿ ತಂತಿಯಿಂದಲೇ ಬದುಕುವುದಷ್ಟೆ. ಯಂತ್ರವು ಅಂಗಿ, ತಂತಿಯು ಅದರ ಅಂಗ. ಅಂಗವೈಕಲ್ಯವಾದರೆ ಕರ್ಮವು ನಡೆಯದು ಎಂದು ಮೀಮಾಂಸಕರ ರೀತಿಯಲ್ಲಿ ನಿರ್ಣಯಿಸಿ, ಯಂತ್ರವನ್ನು ಮುಟ್ಟದೆ ತಂತಿಯನ್ನು ಮಾತ್ರ ತೆಗೆದು, ಹಳೆಯ ಗ್ರಂಥಗಳಿದ್ದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆವು. ಹುಡುಗನು ಒಂದು ಮಾತನ್ನೂ ಆಡಲಿಲ್ಲ. ನಮ್ಮ ಯುಕ್ತಿಯನ್ನು ಶಾಲೆಯ ಉಪಾಧ್ಯಾಯರ ಕೊಠಡಿಯಲ್ಲಿ ವರ್ಣಿಸಿ ಒಂದಿಷ್ಟು ಪ್ರಶಂಸೆಯನ್ನೂ ಸಂಪಾದಿಸಿದೆವು. ಎರಡು ತುದಿಗಳೂ ಒಂದೇ ಬಗೆಯಾಗಿರುವ ತಂತಿಯನ್ನು ಗೋಡೆಗೆ ಹೇಗೆ ಸಿಕ್ಕಿಸುವುದೆಂಬ ಪ್ರಶ್ನೆಯು ನಮಗಾಗಲಿ, ಅಲ್ಲಿದ್ದ ವಿಜ್ಞಾನದ ಮೇಷ್ಟ್ರಿಗಾಗಲಿ ಹೊಳೆಯಲೇ ಇಲ್ಲ.

ಆ ವರ್ಷ ನಮ್ಮ ಮನೆಯಲ್ಲಿ ಒಂದು ವಿಚಿತ್ರವು ನಡೆಯುತ್ತಿದ್ದಿತು. ಹಜಾರದ ಗೋಡೆಯ ಗಡಿಯಾರವೂ ನಮ್ಮ ಮಲಗುವ ಕೋಣೆಯ ಟೈಂಪೀಸೂ ಮತ್ತೆಮತ್ತೆ ನಿಂತುಹೋಗುತ್ತಿದ್ದುವು. ಹೊಸ ಸೆಲ್ಲು ಹಾಕಿದ ಹದಿನೈದು ದಿನಗಳಲ್ಲಿಯೇ ಮುಳ್ಳು ಮುಂದಕ್ಕೆ ಸಾಗದು. ಅಂಗಡಿಯವನು ಕಳಪೆ ಮಾಲನ್ನು ಕೊಡುತ್ತಿರುವನೆಂದು ಅವನೊಡನೆ ಜಗಳವಾಡಿದುದೂ ಉಂಟು. ಹುಡುಗನು ಸಾಯಂಕಾಲ ಪಶ್ಚಿಮದ ಕಿಟಕಿಯ ಬಳಿ ನಮಗೆ ಬೆನ್ನುಮಾಡಿ ಕುಳಿತಿರುವುದನ್ನು ಕಂಡು, ಬೆಳಕಿದ್ದಾಗಲೇ ಪಾಠ ಓದಿಕೊಳ್ಳುತ್ತಿದ್ದಾನೆಂದು ಸಂತೋಷಪಡುತ್ತಿದ್ದೆವು.

ಬೇಸಿಗೆಯಲ್ಲಿ ಶಿವಮೊಗ್ಗೆಯ ಹುಡುಗನು ತನ್ನ ಯಂತ್ರವನ್ನೂ ನೀಲಿ ಬಿಲ್ಲೆಯನ್ನೂ ಚೀಲದಲ್ಲಿಟ್ಟುಕೊಂಡು ಬಂದನು. ಬಂದವನು ಕಾಲು ತೊಳೆಯುವುದಕ್ಕೂ ಮೊದಲು ಕೇಳಿದುದು, “ತಂತಿ ಎಲ್ಲೋ?” ಎಂದು. ನಮ್ಮ ಮಗನು ನಮ್ಮ ಕಡೆ ಒಂದು ಸಲ ನೋಡಿ, “ಅದು ಕೆಟ್ಟುಹೋಯಿತು” ಎಂದನು. ಇಬ್ಬರೂ ಹಿತ್ತಿಲಿಗೆ ಹೋದರು. ಮಗನು ಸುಳ್ಳು ಹೇಳಿದುದನ್ನು ಗಮನಿಸಿದೆವು; ತಂದೆಯ ಮಾನ ಉಳಿಸಿದನೆಂದು ಒಳಗೊಳಗೇ ಹೆಮ್ಮೆಯನ್ನೂ ಪಟ್ಟೆವು. ಮರುವರ್ಷ ನಾದಿನಿಯ ಯಜಮಾನರಿಗೆ ಉತ್ತರದ ಕಡೆಗೆ ವರ್ಗವಾಯಿತು. ಆ ಮೇಲೆ ಹುಡುಗರು ಸೇರಿದುದು ಮದುವೆ ಮುಂಜಿಗಳಲ್ಲಿ, ಅದೂ ಅಪರೂಪವಾಗಿ.

ಇದೆಲ್ಲವೂ ಮರೆತುಹೋಗಿದ್ದಿತು. 2024ರ ದೀಪಾವಳಿಗೆ ಮಗನು ಸಂಸಾರಸಮೇತನಾಗಿ ಬಂದಿದ್ದಾಗ, ಎಂಟು ವರ್ಷದ ಮೊಮ್ಮಗನು ಅಟ್ಟವನ್ನು ಹತ್ತಿ, ಧೂಳು ಮೆತ್ತಿದ್ದ ಆ ಯಂತ್ರವನ್ನು ಇಳಿಸಿಕೊಂಡು ಬಂದನು. ಒಳಗಿನ ಎರಡು ಸೆಲ್ಲುಗಳೂ ಒಡೆದು ಕಿಟ್ಟ ಕಟ್ಟಿದ್ದುವು. ಮಗನು ಅದನ್ನು ಉಜ್ಜಿ ತೆಗೆದು, ಹೊಸ ಸೆಲ್ಲು ಹಾಕಿ, ಗುಂಡಿಯನ್ನು ಒತ್ತಿದನು. ಟಿಣ್ ಎಂಬ ಸಣ್ಣ ಧ್ವನಿಯೊಡನೆ ಪರದೆಯಲ್ಲಿ ಅಕ್ಷರಗಳು ಮೂಡಿದುವು.

“ಇದಕ್ಕೆ ತಂತಿ ಬೇಡವೇ?” ಎಂದು ಕೇಳಿದೆವು.

“ಬೇಡ ಅಪ್ಪಾ. ಇದು ಸೆಲ್ಲಿನಿಂದ ನಡೆಯುವುದು.”

“ಹಾಗಾದರೆ ಆಗಲೂ ನಡೆಯುತ್ತಿತ್ತೇ?”

“ನಡೆಯುತ್ತಿತ್ತು. ಆ ತಂತಿ ಇನ್ನೊಬ್ಬರ ಯಂತ್ರಕ್ಕೆ ಸೇರಿಸುವುದಕ್ಕೆ.”

“ಹೇಳಬಾರದಾಗಿತ್ತೇ?”

“ಹೇಳಿದ್ದರೆ ಯಂತ್ರವನ್ನೂ ಪೆಟ್ಟಿಗೆಯಲ್ಲಿಡುತ್ತಿದ್ದಿರಿ” ಎಂದನು. ಮಾತಿನಲ್ಲಿ ಕಹಿಯಿರಲಿಲ್ಲ. ನಗುತ್ತಲೇ ಹೇಳಿದನು. ನಗುತ್ತ ಹೇಳಿದುದರಿಂದಲೇ ನಮಗೆ ಆ ರಾತ್ರಿ ನಿದ್ರೆ ಬರಲಿಲ್ಲ.

ನಿವೃತ್ತರಿಗೆ ವಿರಾಮಕ್ಕೆ ಕೊರತೆಯಿಲ್ಲವಷ್ಟೆ. ಮುಂದಿನ ಕೆಲವು ವಾರಗಳಲ್ಲಿ ನಾವು ಈ ಯಂತ್ರದ ವೃತ್ತಾಂತವನ್ನು, ಒಂದು ಕಾಲದಲ್ಲಿ ಮಾಘಕಾವ್ಯಕ್ಕೆ ವ್ಯಾಖ್ಯಾನ ಹುಡುಕುತ್ತಿದ್ದ ಶ್ರದ್ಧೆಯಿಂದಲೇ ಹುಡುಕಿ ತಿಳಿದುಕೊಂಡೆವು. ವಾಚಕರು ನಗಬಹುದು, ಆದರೂ ಕೊಂಚ ಕೇಳಬೇಕು.

ಇದನ್ನು ತಯಾರಿಸಿದ ನಿಂಟೆಂಡೊ ಎಂಬ ಸಂಸ್ಥೆಯು ಜಪಾನಿನ ಕ್ಯೋಟೋ ನಗರದಲ್ಲಿ 1889ರಲ್ಲಿ ಹುಟ್ಟಿದುದು. ಆಗ ಅವರು ಮಾಡುತ್ತಿದ್ದುದು ಹೂವಿನ ಚಿತ್ರಗಳುಳ್ಳ ಇಸ್ಪೀಟು. ಅಲ್ಲಿಗೆ 1965ರಲ್ಲಿ, ಇಸ್ಪೀಟು ತಯಾರಿಸುವ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಗುನ್ಪೇ ಯೋಕೋಯಿ ಎಂಬಾತನು ಬಿಡುವಿನಲ್ಲಿ ಆಟಿಕೆಗಳನ್ನು ಕಟ್ಟುತ್ತಿದ್ದನು. ಒಮ್ಮೆ ರೈಲಿನಲ್ಲಿ ಒಬ್ಬ ಪ್ರಯಾಣಿಕನು ಬೇಸರ ಕಳೆಯಲು ಲೆಕ್ಕದ ಯಂತ್ರದ ಗುಂಡಿಗಳನ್ನು ಒತ್ತುತ್ತ ಕುಳಿತಿದ್ದುದನ್ನು ಕಂಡು, ಜೇಬಿನಲ್ಲಿಡಬಹುದಾದ ಆಟದ ಕಲ್ಪನೆ ಅವನಿಗೆ ಹೊಳೆಯಿತಂತೆ. ಹಾಗೆ ಹುಟ್ಟಿದುದು 1980ರ ಗೇಮ್ ಅಂಡ್ ವಾಚ್. ಅದರ ಹಿಂದೆ 1989ರ ಏಪ್ರಿಲ್ 21ರಂದು ಗೇಮ್ ಬಾಯ್.

ಯೋಕೋಯಿಯ ಸಿದ್ಧಾಂತವು ನಮಗೆ ಬಹಳ ಮೆಚ್ಚಿಕೆಯಾಯಿತು. ಹಳತಾಗಿ, ಅಗ್ಗವಾಗಿ, ಗುಣದೋಷಗಳೆಲ್ಲವೂ ಗೊತ್ತಾಗಿರುವ ತಂತ್ರವನ್ನೇ ತೆಗೆದುಕೊಂಡು ಅದಕ್ಕೆ ಹೊಸ ಉಪಯೋಗವನ್ನು ಹುಡುಕಬೇಕೆಂಬುದು ಅವನ ಮತ. ಅದೇ ಕಾಲದಲ್ಲಿ ಬಂದ ಪ್ರತಿಸ್ಪರ್ಧಿಗಳಿಗೆ ಬಣ್ಣದ, ಬೆಳಕಿನ ಪರದೆಯಿದ್ದಿತು. ಅವು ಆರು ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ನುಂಗಿಬಿಡುತ್ತಿದ್ದುವು. ಇವನ ಯಂತ್ರಕ್ಕೆ ಬಣ್ಣವೂ ಇಲ್ಲ, ಬೆಳಕೂ ಇಲ್ಲ. ನಾಲ್ಕು ಛಾಯೆಗಳು ಮಾತ್ರ. ನಾಲ್ಕು ಸೆಲ್ಲಿನಲ್ಲಿ ಹತ್ತು ಗಂಟೆಗೂ ಮೀರಿ ನಡೆಯುತ್ತಿತ್ತು. ಗೆದ್ದುದು ಇದೇ. 1998ರಲ್ಲಿ ಬಂದ ಬಣ್ಣದ ಗೇಮ್ ಬಾಯಿಯನ್ನೂ ಸೇರಿಸಿದರೆ ಸುಮಾರು 11 ಕೋಟಿ 87 ಲಕ್ಷ ಯಂತ್ರಗಳು ಮಾರಾಟವಾದುವು. ಅದರ ಪರದೆಗೂ ಸ್ವಂತ ಬೆಳಕಿಲ್ಲ. ನಮ್ಮ ಮಗನು ಪಶ್ಚಿಮದ ಕಿಟಕಿಯ ಬಳಿ ಏಕೆ ಕುಳಿತಿರುತ್ತಿದ್ದನೆಂಬುದು ನಮಗೆ ಇಪ್ಪತ್ತುನಾಲ್ಕು ವರ್ಷಗಳ ಮೇಲೆ ಅರ್ಥವಾಯಿತು. ಯೋಕೋಯಿಯು 1997ರಲ್ಲಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡನು. ಆಗ ಅವನಿಗೆ 56 ವರ್ಷ.

ಈ ಯಂತ್ರಕ್ಕೆ ಹುಟ್ಟಿಕೊಂಡ ಪರಿಕರಗಳ ಪರಿವಾರವು ಬಹಳ ದೊಡ್ಡದು. ಪರದೆಯ ಮೇಲೆ ಬಾಗಿ ಬೆಳಕು ಚೆಲ್ಲುವ ಪುಟ್ಟ ದೀಪ, ಭೂತಗನ್ನಡಿ, ನಾಲ್ವರು ಒಟ್ಟಿಗೆ ಆಡುವುದಕ್ಕೆ ಕವಲುಪೆಟ್ಟಿಗೆ, ದೂರದರ್ಶನದ ಪೆಟ್ಟಿಗೆಯಲ್ಲಿ ಆಟವನ್ನು ತೋರಿಸುವ ಸಾಧನ. 1998ರಲ್ಲಿ ಮೂವತ್ತು ಚಿತ್ರಗಳನ್ನು ನೆನಪಿಟ್ಟುಕೊಳ್ಳುವ ಒಂದು ಕ್ಯಾಮೆರಾ ಬಂದಿತು. ಚಿತ್ರವನ್ನು ಅಂಟುಕಾಗದದ ಮೇಲೆ ಒತ್ತಿ ಕೊಡುವ ಮುದ್ರಣಯಂತ್ರವೂ ಜೊತೆಗೆ ಬಂದಿತು. ಅದೇ ವರ್ಷ ಜಪಾನಿನಲ್ಲಿ ನೀರಿನೊಳಗಿನ ಮೀನನ್ನು ಶಬ್ದದಿಂದ ಪತ್ತೆಹಚ್ಚುವ ಪರಿಕರವನ್ನೂ ಮಾರಿದರು. ಎಲ್ಲಕ್ಕಿಂತ ನಮ್ಮನ್ನು ಬೆರಗುಗೊಳಿಸಿದುದು, 2000ನೆಯ ಇಸವಿಯ ಸುಮಾರಿಗೆ ಸಿಂಗರ್ ಹೆಸರಿನಲ್ಲಿ ಬಂದ ಐಜೆಕ್ ಎಂಬ ಹೊಲಿಗೆಯ ಯಂತ್ರ. ಅದಕ್ಕೆ ಗೇಮ್ ಬಾಯಿಯನ್ನು ಇದೇ ಜಾತಿಯ ತಂತಿಯಿಂದ ಸೇರಿಸಿ, ಪರದೆಯಲ್ಲಿ ಹೊಲಿಗೆಯ ಬಗೆಯನ್ನು ಆರಿಸಿದರೆ, ಸೂಜಿಯು ಆ ಪ್ರಕಾರ ನಡೆದು ಅಕ್ಷರಗಳನ್ನೂ ಕಾಜಾಗಳನ್ನೂ ಹಾಕುತ್ತಿದ್ದಿತು. ಇದನ್ನು ನಮ್ಮ ಮನೆಯವರಿಗೆ ಓದಿಹೇಳಿದೆವು. ಅವರು ಮದುವೆಯಾದಂದಿನಿಂದ ಕಾಲಿನಲ್ಲಿ ತುಳಿಯುವ ಸಿಂಗರ್ ಯಂತ್ರದಲ್ಲಿಯೇ ಮನೆಮಂದಿಯ ಬಟ್ಟೆಗಳನ್ನು ಹೊಲಿದವರು, ಕಾಜಾಗಳನ್ನು ಕೈಯಲ್ಲಿ ಹಾಕಿದವರು. “ಹಾಗಾದರೆ ನೀವು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದು ಮಗನ ಆಟ ಒಂದನ್ನೇ ಅಲ್ಲ, ನನ್ನ ಕಾಜಾಗಳನ್ನೂ ಎನ್ನಿ” ಎಂದರು.

ಪ್ರಕೃತ ತಂತಿಯ ವಿಷಯಕ್ಕೆ ಬರೋಣ. ಎರಡು ಯಂತ್ರಗಳನ್ನು ಜೋಡಿಸುವ ಸಂಧಿಯು ಗೇಮ್ ಬಾಯಿಯಲ್ಲಿ ಮೊದಲಿನಿಂದಲೂ ಇದ್ದಿತು; ರಷ್ಯಾದೇಶದಲ್ಲಿ ಹುಟ್ಟಿದ ಟೆಟ್ರಿಸ್ ಎಂಬ ಆಟವನ್ನು 1989ರಲ್ಲಿಯೇ ಇಬ್ಬರು ಎದುರುಬದುರಾಗಿ ಆಡಬಹುದಾಗಿದ್ದಿತು. ಆದರೆ ಅದು ಸ್ಪರ್ಧೆ. ತಂತಿಗೆ ಬೇರೊಂದು ಅರ್ಥವನ್ನು ಕಂಡವನು ಸತೋಷಿ ತಾಜಿರಿ. ಈತನು ಟೋಕಿಯೋ ನಗರದ ಅಂಚಿನಲ್ಲಿರುವ ಮಾಚಿದಾದಲ್ಲಿ ಬೆಳೆದವನು. ಬಾಲ್ಯದಲ್ಲಿ ಹೊಲಗದ್ದೆಗಳಲ್ಲಿ ಜೀರುಂಡೆಗಳನ್ನು ಹಿಡಿಯುವ ಹುಚ್ಚು. ಅವನು ದೊಡ್ಡವನಾಗುವಷ್ಟರಲ್ಲಿ ಆ ಹೊಲಗಳೆಲ್ಲ ಮನೆಗಳೂ ರಸ್ತೆಗಳೂ ಆಗಿಹೋದುವು. ಗೇಮ್ ಬಾಯಿಯ ತಂತಿಯನ್ನು ಕಂಡಾಗ ಅವನ ಮನಸ್ಸಿಗೆ ಬಂದುದು, ಒಂದು ಹುಳುವು ಈ ಯಂತ್ರದಿಂದ ಆ ಯಂತ್ರಕ್ಕೆ ತಂತಿಯ ಮೂಲಕ ಹರಿದುಹೋಗುವ ಚಿತ್ರ. ಆ ಒಂದು ಚಿತ್ರವನ್ನು ಹಿಡಿದು ಆರು ವರ್ಷ ದುಡಿದು 1996ರ ಫೆಬ್ರವರಿ 27ರಂದು ಹೊರಡಿಸಿದ ಆಟವೇ ಪೋಕೆಮಾನ್. ಆಟಗಾರನು ಊರೂರು ತಿರುಗಿ 150 ಬಗೆಯ ಜೀವಿಗಳನ್ನು ಸಂಗ್ರಹಿಸಬೇಕು. ಜಪಾನಿನಲ್ಲಿ ಕೆಂಪು ಮತ್ತು ಹಸುರು, ಅಮೆರಿಕೆಯಲ್ಲಿ 1998ರಲ್ಲಿ ಕೆಂಪು ಮತ್ತು ನೀಲಿ ಎಂದು ಎರಡು ಪಾಠಗಳು. ಒಂದರಲ್ಲಿರುವ ಕೆಲವು ಜೀವಿಗಳು ಮತ್ತೊಂದರಲ್ಲಿಲ್ಲ. ಹಾಗೆಂದು ಬೇಕೆಂದೇ ಕಟ್ಟಿದ್ದಾರೆ. ಎಷ್ಟು ಬುದ್ಧಿವಂತನಾದರೂ ಎಷ್ಟು ಕಾಲ ಆಡಿದರೂ, ಇನ್ನೊಬ್ಬನಿಲ್ಲದೆ ಸಂಗ್ರಹವು ಪೂರ್ಣವಾಗದು. ಅಲ್ಲಿಗೆ ತಂತಿಗೋಸ್ಕರ ಆಟವೇ ಹೊರತು ಆಟಕ್ಕೋಸ್ಕರ ತಂತಿಯಲ್ಲ. ನಾವು ಯಾವುದನ್ನು ಅಂಗವೆಂದು ಎಣಿಸಿದ್ದೆವೋ ಅದೇ ಅಂಗಿಯಾಗಿದ್ದಿತು.

ಈ ತಂತಿಯೊಳಗಿನ ವ್ಯವಹಾರವೂ ಸೊಗಸಾದುದು. ಜೋಡಿಸಿದ ಎರಡು ಯಂತ್ರಗಳಲ್ಲಿ ಒಂದು ತಾಳ ಹಾಕುತ್ತದೆ. ಮತ್ತೊಂದು ಅದನ್ನು ಅನುಸರಿಸುತ್ತದೆ. ಸಾಮಾನ್ಯ ವೇಗವು ಸೆಕೆಂಡಿಗೆ 8192 ಪೆಟ್ಟುಗಳು. ಒಂದೊಂದು ಪೆಟ್ಟಿಗೂ ಇಲ್ಲಿಂದ ಒಂದು ಕಣದಷ್ಟು ವಿಷಯವು ಅತ್ತ ಹೋಗುವ ಕ್ಷಣದಲ್ಲಿಯೇ ಅಲ್ಲಿಂದ ಅಷ್ಟೇ ವಿಷಯವು ಇತ್ತ ಬರುತ್ತದೆ. ಕೊಡದೆ ತೆಗೆದುಕೊಳ್ಳುವ ಮಾರ್ಗವೇ ಈ ತಂತಿಯಲ್ಲಿ ಇಲ್ಲ.

ಇಷ್ಟನ್ನು ತಿಳಿದುಕೊಂಡ ಮೇಲೆ ನಮಗೆ ದೀಪಾವಳಿಯ ದಿನ ಪರದೆಯಲ್ಲಿ ಕಂಡಿದ್ದ ಒಂದು ಅಂಕೆಯು ನೆನಪಿಗೆ ಬಂದಿತು. ಹಿಂದೆ ನಿಲ್ಲಿಸಿದ ಆಟವನ್ನು ಮುಂದುವರಿಸಬೇಕಾದರೆ ಯಂತ್ರವು ಮೊದಲು ಒಂದು ಸಣ್ಣ ಚೌಕದಲ್ಲಿ ಆಟಗಾರನ ಹೆಸರು, ಗಳಿಸಿದ ಬಿಲ್ಲೆಗಳು, ಹಿಡಿದ ಜೀವಿಗಳು, ಕಳೆದ ಕಾಲ ಇವನ್ನು ತೋರಿಸುತ್ತದೆ. ಮಗನ ಹೆಸರು ಮೊಟಕಾಗಿ ಇದ್ದಿತು. ಬಿಲ್ಲೆಗಳು 8. ಕಾಲವು 140 ಗಂಟೆಗೆ ಮೇಲೆ. ಜೀವಿಗಳು 124. ಆಗ ನಮಗೆ ಅದು ಬರಿಯ ಅಂಕೆ.

ಆ ರಾತ್ರಿ ಸೀಸದ ಕಡ್ಡಿ ಹಿಡಿದು ಲೆಕ್ಕ ಹಾಕಿದೆವು. ನೀಲಿಯಲ್ಲಿ ಮಾತ್ರ ಸಿಕ್ಕುವ ಜೀವಿಗಳು 11. ತಂತಿಯ ಮೂಲಕ ಕೈ ಬದಲಾದಾಗ ಮಾತ್ರ ಮುಂದಿನ ರೂಪವನ್ನು ಪಡೆಯುವುವು ನಾಲ್ಕಿವೆ. ಆ ರೂಪಗಳು 4. ಆರಂಭದಲ್ಲಿ ಮೂರು ಮರಿಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕಾದುದರಿಂದ ಉಳಿದೆರಡೂ ಅವುಗಳ ಮುಂದಿನ ರೂಪಗಳೂ ಸೇರಿ 6. ದಾರಿಯಲ್ಲಿ ಬರುವ ಅಂತಹುದೇ ಬೇರೆ ಆಯ್ಕೆಗಳಲ್ಲಿ ತಪ್ಪಿಹೋಗುವುವು 5. ಒಟ್ಟು 26. ನೂರೈವತ್ತರಲ್ಲಿ ಇಪ್ಪತ್ತಾರನ್ನು ಕಳೆದರೆ 124. ಎರಡು ಸಲ ತಾಳೆ ನೋಡಿದೆವು. ಒಬ್ಬಂಟಿಗನಾದ ಹುಡುಗನು ಹಿಡಿಯಬಹುದಾದುದೆಲ್ಲವನ್ನೂ, ಒಂದನ್ನೂ ಬಿಡದೆ, ನಮ್ಮ ಮಗನು ಹಿಡಿದಿದ್ದನು. ಗಡಿಯಾರಗಳ ಸೆಲ್ಲನ್ನು ಕದ್ದು, ಸಂಜೆಯ ಬೆಳಕಿನಲ್ಲಿ, ನಮಗೆ ಬೆನ್ನುಮಾಡಿ ಕುಳಿತು, ಕಡೆಯ ಅಂಕೆಯನ್ನು ಮುಟ್ಟಿ ನಿಲ್ಲಿಸಿದ್ದನು. ಅದರ ಮುಂದಕ್ಕೆ ಹೋಗುವ ದಾರಿಯು ಅಮರಕೋಶದ ಕೆಳಗೆ ಸುರುಳಿಸುತ್ತಿಕೊಂಡು ಮಲಗಿದ್ದಿತು.

ಬೆಳಗ್ಗೆ ಪೆಟ್ಟಿಗೆಯನ್ನು ತೆರೆದು ತಂತಿಯನ್ನು ಹೊರತೆಗೆದೆವು. ಮೂತಿಗಳು ಮಂಕಾಗಿದ್ದುವು, ಅಷ್ಟೆ. ಬೆಂಗಳೂರಿಗೆ ದೂರವಾಣಿ ಮಾಡಿ ಮಗನಿಗೆ ಹೇಳಿದೆವು. ಲೆಕ್ಕದ ವಿಷಯವನ್ನು ಹೇಳಲು ಹೋಗಿ ಗಂಟಲು ಕಟ್ಟಿದುದರಿಂದ, ಹವಾಮಾನದ ವಿಷಯವನ್ನು ಎರಡು ಮಾತು ಆಡಿ ಮುಗಿಸಿದೆವು.

ಮಗನು ಆಗ ಒಂದು ಭಯದ ಸಂಗತಿಯನ್ನು ತಿಳಿಸಿದನು. ಆಟದ ಕ್ರಮವೆಲ್ಲವೂ ಬಿಲ್ಲೆಯೊಳಗೆ ಅಳಿಯದಂತೆ ಕೆತ್ತಲ್ಪಟ್ಟಿರುವುದು. ಆದರೆ ಆಡಿದವನು ಎಲ್ಲಿಯವರೆಗೆ ಬಂದನೆಂಬ ಸ್ಮೃತಿಯು ಬೇರೊಂದು ಕಡೆ ಇರುವುದು. ಅದನ್ನು ಕಾಯುವುದಕ್ಕೆ ಬಿಲ್ಲೆಯೊಳಗೆಯೇ ಕೈಗಡಿಯಾರದಲ್ಲಿರುವಂತಹ 3 ವೋಲ್ಟಿನ ಪುಟ್ಟ ಲಿಥಿಯಮ್ ಸೆಲ್ಲೊಂದನ್ನು ಬೆಸೆದಿರುತ್ತಾರೆ. ಯಂತ್ರವು ನಿದ್ರಿಸುವಾಗಲೂ ಅದು ಎಚ್ಚರವಾಗಿರುತ್ತದೆ. ಅದು ಬತ್ತಿದ ದಿನ ಹೆಸರು, ಅಂಕೆ, ಗಂಟೆಗಳು ಎಲ್ಲವೂ ಶೂನ್ಯ. ಹೊಸದನ್ನು ಹಾಕೋಣವೆಂದರೆ, ಹಳೆಯದನ್ನು ತೆಗೆದ ಕ್ಷಣದಲ್ಲಿಯೂ ಹಾಗೆಯೇ. ಅಷ್ಟು ವರ್ಷ ಆ ಸೆಲ್ಲು ಬದುಕಿದ್ದುದು ನಮ್ಮ ಪುಣ್ಯವೆನ್ನಬೇಕು. ಪೂನಾದಲ್ಲಿದ್ದ ನಾದಿನಿಯ ಮಗನಿಗೆ ಆ ಪುಣ್ಯವಿರಲಿಲ್ಲ. ಅವನು ತನ್ನ ಯಂತ್ರವನ್ನು ಹುಡುಕಿ ತೆಗೆದನು, ನೀಲಿಯು ತೆರೆಯಿತು, ಒಳಗೆ ಏನೂ ಇಲ್ಲ. “ದೊಡ್ಡಪ್ಪಾ, ನನ್ನದು ಅಳಿಸಿಹೋಗಿದೆ. ಯಂತ್ರವನ್ನೇ ಕಳುಹಿಸುತ್ತೇನೆ, ಮೊಮ್ಮಗ ಹೊಸದಾಗಿ ಆಡಲಿ” ಎಂದನು. ತಂತಿಯು ಕೆಟ್ಟಿರಲಿಲ್ಲವೆಂಬುದನ್ನು ಅವನಿಗೆ ನಾವೇ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೊತ್ತಿತ್ತು” ಎಂದನು.

ಬಿಲ್ಲೆಯ ಸ್ಮೃತಿಯನ್ನು ಗಣಕಯಂತ್ರಕ್ಕೆ ನಕಲು ಮಾಡಿಕೊಳ್ಳುವ ಸಣ್ಣ ಪರಿಕರಗಳು ಈಗ ಸಿಗುತ್ತವೆ. ಮಗನು ಅದೊಂದನ್ನು ತರಿಸಿದನು. ಬಿಲ್ಲೆಯ ತಿರುಪು ಸಾಮಾನ್ಯ ತಿರುಪುಳಿಗೆ ಬಗ್ಗದ ಜಾತಿಯದು. ಅದಕ್ಕೂ ಬೇರೆ ಉಪಕರಣ. ಸಂಕ್ರಾಂತಿಗೆ ಬಂದಾಗ ಊಟದ ಮೇಜಿನ ಮೇಲೆ ಎಲ್ಲವನ್ನೂ ಹರಡಿಕೊಂಡು, ಮೊದಲು ನಕಲು ಮಾಡಿ, ಹಳೆಯ ಸೆಲ್ಲನ್ನು ಕಿತ್ತು, ಹೊಸದನ್ನು ಬೆಸೆದು, ನಕಲನ್ನು ಮತ್ತೆ ಒಳಕ್ಕೆ ಬರೆದನು. ಹಳೆಯ ಸೆಲ್ಲು ಮೇಜಿನ ಮೇಲೆ ಬಿದ್ದಾಗಿನಿಂದ ಪರದೆ ಮತ್ತೆ ಬೆಳಗುವವರೆಗೆ ನಾವು ಹಜಾರದಲ್ಲಿ ಅಡ್ಡಾಡುತ್ತಿದ್ದೆವು. ಎಸ್. ಎಸ್. ಎಲ್. ಸಿ. ಫಲಿತಾಂಶದ ದಿನವೂ ಅಷ್ಟು ನಡೆದಿರಲಿಲ್ಲ. 124 ಹಾಗೆಯೇ ಇದ್ದಿತು.

ನೀಲಿಗೂ ಹೊಸ ಸೆಲ್ಲು ಬಿದ್ದಿತು. ಮೊಮ್ಮಗನು ತನ್ನ ಹೆಸರಿನಲ್ಲಿ ಆಟವನ್ನು ಆರಂಭಿಸಿ, ಮೂರು ದಿನ ಊಟ ತಿಂಡಿಗಳಿಗೆ ಕರೆಸಿಕೊಂಡನು. ನಾವು ಏನೂ ಅನ್ನಲಿಲ್ಲ. ನಾಲ್ಕನೆಯ ದಿನ ಹಣೆಯಲ್ಲಿ ನಾಣ್ಯವಿಟ್ಟುಕೊಂಡ ಒಂದು ಬೆಕ್ಕನ್ನು ಹಿಡಿದನು. ಮಿಯಾವ್ತ್ ಎಂದು ಅದರ ಹೆಸರು, ಕೆಂಪಿನಲ್ಲಿ ಇಲ್ಲದ ಜೀವಿ. ಮಗನು ಪ್ರತಿಯಾಗಿ ಕೊಡಲು ಗ್ರೋಲಿತ್ ಎಂಬ ನಾಯಿಮರಿಯನ್ನು ತೆಗೆದಿಟ್ಟನು. ಅದು ನೀಲಿಯಲ್ಲಿ ಇಲ್ಲ. ಮಧ್ಯಾಹ್ನ ಮೂರು ಗಂಟೆಗೆ, ಬೆಳಕು ಚೆನ್ನಾಗಿರುವಾಗ, ತಂದೆ ಮಗ ಇಬ್ಬರೂ ಜಗಲಿಯ ಮೇಲೆ ಎದುರುಬದುರು ಕುಳಿತರು. ತಂತಿಯನ್ನು ತಂದು ಕೊಟ್ಟವರು ನಾವು. ಒಂದು ತುದಿಯನ್ನು ಮಗನು ಸಿಕ್ಕಿಸಿಕೊಂಡನು, ಮತ್ತೊಂದನ್ನು ಮೊಮ್ಮಗನಿಗೆ ನಾವೇ ಸಿಕ್ಕಿಸಿಕೊಟ್ಟೆವು.

ಜೀವಿಗಳು ಕೈ ಬದಲಾಗುವಾಗ ಪರದೆಯ ಮೇಲೂ ಒಂದು ತಂತಿಯನ್ನು ಚಿತ್ರಿಸಿ, ಅದರೊಳಗೆ ಒಂದು ಗುಂಡು ಹರಿದುಹೋಗುವಂತೆ ತೋರಿಸುತ್ತಾರೆ. ಮಗನು ಪರದೆಯನ್ನು ನೋಡದೆ ಜಗಲಿಯ ಮೇಲೆ ಬಿದ್ದಿದ್ದ ನಿಜವಾದ ತಂತಿಯನ್ನೇ ನೋಡುತ್ತಿದ್ದನು. “ಬಂತು ಬಂತು” ಎಂದು ಮೊಮ್ಮಗನು ಕೂಗಿದನು. ಮಗನು ಯಂತ್ರವನ್ನು ನಮ್ಮ ಕಡೆ ತಿರುಗಿಸಿ ತೋರಿಸಿದನು. 125.

ನಾದಿನಿಯ ಮಗನು ಬೇಸಿಗೆಯಲ್ಲಿ ಬರುವುದಾಗಿ ಬರೆದಿದ್ದಾನೆ. ನಿನ್ನೆ ಹಜಾರದ ಗಡಿಯಾರವು ಮೂರೂಕಾಲಕ್ಕೆ ನಿಂತುಹೋಗಿದ್ದಿತು. ನಾವು ಯಾರನ್ನೂ ಏನೂ ಕೇಳದೆ ಅಂಗಡಿಗೆ ಹೋಗಿ ಐದು ಸೆಲ್ಲುಗಳನ್ನು ತಂದೆವು, ಒಂದು ಗಡಿಯಾರಕ್ಕೆ.